ಬಲೆಗೆ ಬಿದ್ದ ಕಟ್ಟಳೆ

ಕೃಷ್ಣೆ, ದೂಧಗಂಗೆ, ವೇದಗಂಗೆಯ ದಂಡೆಯಲ್ಲಿ ಮೀನು ಹಿಡಿದು ಬದುಕಿದವರ ಮೇಲೆ ಸರ್ಕಾರದ ಕಣ್ಣು ಬಿದ್ದದ್ದು ಬಲೆಯ ಮೂಲಕ. 1873ರಲ್ಲಿ ಮೀನು ತಜ್ಞ ಫ್ರಾನ್ಸಿಸ್ ಡೇ ಭಾರತದ ಸಿಹಿನೀರಿನ ಮೀನುಗಾರಿಕೆಯ ಬಗ್ಗೆ ವರದಿ ಬರೆದು, ಮರಿಮೀನುಗಳ ನಾಶಕ್ಕೆ ಸಣ್ಣ ಕಣ್ಣಿನ ಬಲೆಯನ್ನು ದೂರಿದ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದನ್ನು ಅಪರಾಧವಾಗಿಸಿತು. ಬಲೆಯ ಕಣ್ಣಿನ ಅಳತೆ ಗೊತ್ತುಮಾಡುವ ಅಧಿಕಾರವನ್ನೂ ಪ್ರಾಂತೀಯ ಸರ್ಕಾರಗಳಿಗೆ ಕೊಟ್ಟಿತು. ಈ ನದಿಗಳ ಸೀಮೆಯ ಚಿಕ್ಕೋಡಿ, ಅಥಣಿ ಆಗ ಮುಂಬಯಿ ಪ್ರಾಂತದಲ್ಲಿದ್ದವು, ರಾಯಬಾಗ ಕೊಲ್ಲಾಪುರ ಸಂಸ್ಥಾನದ್ದು. ನದಿ ಒಂದೇ, ಆಳುವವರು ಬೇರೆ. 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಆ ಒಡಕು ಮುಚ್ಚಲಿಲ್ಲ, ಮೇಲ್ಗಡೆಯ ನೀರು ಮುಂದೆ ಮಹಾರಾಷ್ಟ್ರವಾದ ಭಾಗದಲ್ಲೇ ಉಳಿಯಿತು.

ಕಟ್ಟಳೆಯೇ ಬೇಡವಾಗಿತ್ತೆಂದು ನಾನು ವಾದಿಸುತ್ತಿಲ್ಲ. ಸಿಡಿಮದ್ದು ಮರಿ, ಮೊಟ್ಟೆ ಎನ್ನದೆ ಕೊಲ್ಲುತ್ತದೆ. ಅದನ್ನು ತಡೆದದ್ದರಿಂದ ಮೊದಲು ಉಳಿದದ್ದು ಬಡ ಮೀನುಗಾರನ ನಾಳೆಯ ಅನ್ನವೇ. ಆದರೆ ಮೀನಿನ ಬಾಳನ್ನು ಬಲೆಯಷ್ಟೇ ನಿರ್ಧರಿಸುವುದಿಲ್ಲ. ಹೊಳೆಗೆ ಅಡ್ಡ ಕಟ್ಟಿದ ಬಾಂದಾರುಗಳು ಮಳೆಗಾಲದಲ್ಲಿ ಮೊಟ್ಟೆಯಿಡಲು ಏರುವ ಮೀನಿನ ದಾರಿಗೆ ತೊಡಕಾಗುತ್ತವೆ, ಬೇಸಿಗೆಯಲ್ಲಿ ಕಬ್ಬಿನ ಪಂಪುಗಳು ಮಡುಗಳನ್ನೇ ಬರಿದುಮಾಡುತ್ತವೆ. ಬಾಂದಾರಿನ ಹಿಂದೆ ನಿಂತ ನೀರಿನಲ್ಲಿ ಕಾಟ್ಲಾ, ರೋಹು ಮೀನಿನ ಮರಿ ಬಿಟ್ಟು ಬೆಳೆಸಬಹುದಲ್ಲ ಎನ್ನುವವರಿದ್ದಾರೆ. ಬೆಳೆಸಬಹುದು, ನಿಜ, ಆದರೆ ಮರಿಗೆ, ಗುತ್ತಿಗೆಗೆ ಮುಂಗಡ ಹಣ ಹಾಕಬಲ್ಲವನಿಗೆ ಸಿಗುವ ಲಾಭ ತೆಪ್ಪವೊಂದನ್ನೇ ನಂಬಿದವನಿಗೆ ಸಿಗದು. ಮೀನನ್ನು ಕೊಲ್ಲುವ ಇನ್ನೊಂದು ಕೇಡು ನೀರಿನ ಮಾಲಿನ್ಯ; ಅದಕ್ಕೆ 1974ರ ಜಲಮಾಲಿನ್ಯ ತಡೆ ಕಾಯ್ದೆ ಇದೆ ಎಂಬ ಉತ್ತರವೂ ಸಾಲದು. ಮಾಲಿನ್ಯವನ್ನು ನೋಡಿಕೊಳ್ಳುವ ಮಂಡಳಿ ಬೇರೆ, ಮೀನುಗಾರಿಕೆ ಇಲಾಖೆ ಬೇರೆ. 1996ರ ಕರ್ನಾಟಕದ ಒಳನಾಡು ಮೀನುಗಾರಿಕೆ ಕಾಯ್ದೆ ಮೀನುಗಾರನಿಂದ ಪರವಾನಗಿ ಕೇಳುತ್ತದೆ. ಆ ಪರವಾನಗಿಗೆ ತಕ್ಕಷ್ಟು ಹರಿವನ್ನು ನದಿಯಲ್ಲಿ ಉಳಿಸುವ ಹೊಣೆಯನ್ನು ಕರ್ನಾಟಕ, ಮಹಾರಾಷ್ಟ್ರ ಎರಡೂ ರಾಜ್ಯಗಳು ಹೊರಬೇಕು.