ಸೈಕಲ್ಲನ್ನು ಅಪ್ಪಿಕೊಂಡ ಚೀಲ

1897ರ ಜೂನ್ 14ರಂದು ಅಮೆರಿಕದ ಮೊಂಟಾನಾ ರಾಜ್ಯದ ಫೋರ್ಟ್ ಮಿಸೌಲದಿಂದ ಇಪ್ಪತ್ತು ಮಂದಿ ಕಪ್ಪುವರ್ಣೀಯ ಸೈನಿಕರು ಸೈಕಲ್ ಏರಿ ಹೊರಟರು. 25ನೆಯ ಪದಾತಿ ದಳದ ಈ ತುಕಡಿಯ ಮುಂದಾಳು ಲೆಫ್ಟಿನೆಂಟ್ ಜೇಮ್ಸ್ ಮಾಸ್. ಕೆಸರು, ಮರಳು, ಹಿಮ, ರೈಲು ಹಳಿಯ ಜಲ್ಲಿ ಎಲ್ಲವನ್ನೂ ದಾಟಿ ಸುಮಾರು 1,900 ಮೈಲಿ ದೂರದ ಸೇಂಟ್ ಲೂಯಿಸ್ ತಲುಪಿದಾಗ ನಲವತ್ತೊಂದು ದಿನಗಳಾಗಿದ್ದವು. ಆ ಪಯಣದಲ್ಲಿ ನನ್ನ ಕಣ್ಣು ನಿಲ್ಲುವುದು ಅವರು ಸಾಮಾನು ಕಟ್ಟಿದ ರೀತಿಯ ಮೇಲೆ. ಕಂಬಳಿ ಮತ್ತು ಡೇರೆಯ ಬಟ್ಟೆ ಸುರುಳಿಯಾಗಿ ಹ್ಯಾಂಡಲ್‌ಬಾರಿನ ಮೇಲೆ. ಫ್ರೇಮಿನ ಕಂಬಿಗಳ ನಡುವಿನ ಜಾಗದಲ್ಲಿ ಅದರ ಆಕಾರಕ್ಕೇ ಮಾಡಿಸಿದ ಗಟ್ಟಿ ಚರ್ಮದ ಪೆಟ್ಟಿಗೆ.

ಇವತ್ತು ಬೈಕ್‌ಪ್ಯಾಕಿಂಗ್ ಎಂದು ಕರೆಯುವ ಪದ್ಧತಿಯ ತಿರುಳು ಇಷ್ಟೇ. ಭಾರವನ್ನು ಕ್ಯಾರಿಯರಿಗೆ ತೂಗುಹಾಕದೆ ಸೈಕಲ್ಲಿನ ಮೈಗೇ ಅಪ್ಪಿಸುವುದು. ಹ್ಯಾಂಡಲ್‌ಬಾರ್, ಫ್ರೇಮಿನ ನಡು, ಸೀಟಿನ ಹಿಂಭಾಗ ಎಂಬ ಮೂರು ಜಾಗಗಳಲ್ಲಿ ಎರಡನ್ನು ಆ ಸೈನಿಕರು ಆಗಲೇ ಬಳಸಿದ್ದರು. ಮುಂದೆ ಬಹುಕಾಲ ಫ್ರೇಮಿನ ನಡು ಹೆಚ್ಚುಕಡಿಮೆ ಖಾಲಿಯೇ ಉಳಿಯಿತು.

ಆ ಸೈನಿಕರ ಕಾಲಕ್ಕೂ ಸ್ವಲ್ಪ ಮೊದಲು ತುಂಬಲು ನಡುವೇ ಇರಲಿಲ್ಲ. 1884ರಲ್ಲಿ ಥಾಮಸ್ ಸ್ಟೀವನ್ಸ್ ಸ್ಯಾನ್‌ಫ್ರಾನ್ಸಿಸ್ಕೋದಿಂದ ಬಾಸ್ಟನ್‌ವರೆಗೆ ಹೋದದ್ದು ಮುಂದೆ ಆಳೆತ್ತರದ ಚಕ್ರವಿದ್ದ ಸೈಕಲ್ಲಿನಲ್ಲಿ. ಹ್ಯಾಂಡಲ್ಲಿಗೆ ಕಟ್ಟಿದ ಚಿಕ್ಕ ಚೀಲದಲ್ಲಿ ಕಾಲುಚೀಲ, ಒಂದು ಅಂಗಿ, ಡೇರೆಯೂ ಹಾಸಿಗೆಯೂ ಆಗಬಲ್ಲ ಒಂದು ಮಳೆಕೋಟು. ಆತ ಮುಂದೆ ಭೂಮಂಡಲ ಸುತ್ತುತ್ತ 1886ರಲ್ಲಿ ಲಾಹೋರಿನಿಂದ ಕಲ್ಕತ್ತೆಯವರೆಗೂ ಸವಾರಿ ಮಾಡಿದ. ವಜ್ರಾಕಾರದ ಫ್ರೇಮಿನ 'ಸೇಫ್ಟಿ' ಸೈಕಲ್ ಬಳಕೆಗೆ ಬಂದ ಮೇಲೆಯೇ ಒಳಗೆ ಏನನ್ನಾದರೂ ಇಡಬಹುದಾದ ಜಾಗ ಹುಟ್ಟಿದ್ದು.

ಆದರೆ ಇಪ್ಪತ್ತನೆಯ ಶತಮಾನದ ಪ್ರವಾಸಿಗಳ ಒಲವು ಬೇರೆ ಕಡೆ ಹರಿಯಿತು. ಇಂಗ್ಲೆಂಡಿನಲ್ಲಿ ಚರ್ಮದ ಸೀಟಿನ ಹಿಂದಿನ ಎರಡು ಕುಣಿಕೆಗಳಿಗೆ ಅಡ್ಡಚೀಲ ನೇತುಹಾಕುವ ರೂಢಿ ಬೆಳೆಯಿತು. 1932ರಲ್ಲಿ ಲ್ಯಾಂಕಶೈರಿನ ನೆಲ್ಸನ್ ಎಂಬ ನೇಯ್ಗೆಯ ಊರಿನಲ್ಲಿ ವಿಲ್ಫ್ ಕ್ಯಾರಡೈಸ್ ಶುರುಮಾಡಿದ ಚೀಲಗಳು ಇಂದಿಗೂ ದಪ್ಪ ಹತ್ತಿಬಟ್ಟೆಯಲ್ಲೇ ಹೊಲಿಯಲ್ಪಡುತ್ತಿವೆ. ನೆನೆದಾಗ ನೂಲು ಉಬ್ಬಿ ನೇಯ್ಗೆಯ ಕಂಡಿ ತಾನೇ ಮುಚ್ಚಿಕೊಳ್ಳುತ್ತದೆ. ಫ್ರೆಂಚರು ಮುಂಚಕ್ರದ ಮೇಲೆ ಪುಟ್ಟ ಕಬ್ಬಿಣದ ಚೌಕಟ್ಟಿಟ್ಟು ಅದರ ಮೇಲೆ ಪೆಟ್ಟಿಗೆಯಂಥ ಚೀಲ ಕೂರಿಸಿದರು. ಆಮೇಲೆ ಬಂದದ್ದು ಚಕ್ರದ ಎರಡೂ ಬದಿಗೆ ಜೋಡಿಚೀಲ ತೂಗುಹಾಕುವ ಪ್ಯಾನಿಯರ್ ಯುಗ. 1976ರಲ್ಲಿ ಬೈಕ್‌ಸೆಂಟೆನಿಯಲ್ ಹೆಸರಿನಲ್ಲಿ ಸಾವಿರಾರು ಜನ ಅಮೆರಿಕವನ್ನು ಕಡಲಿನಿಂದ ಕಡಲಿಗೆ ದಾಟಿದಾಗ ಹಿಂದೊಂದು ಕ್ಯಾರಿಯರ್, ಅದರ ಎರಡು ಬದಿಗೆ ಎರಡು ಚೀಲ ಎಂಬುದೇ ಪ್ರವಾಸಿಯ ಗುರುತಾಗಿತ್ತು. 1982ರಲ್ಲಿ ಜರ್ಮನಿಯ ಹಾರ್ಟ್‌ಮುಟ್ ಆರ್ಟ್‌ಲೀಬ್ ಲಾರಿಯ ಟಾರ್ಪಾಲಿನ್ ಬಟ್ಟೆಯನ್ನು ಪ್ಯಾನಿಯರಿಗೆ ತಂದ ಮೇಲೆ ಮಳೆಯ ಚಿಂತೆಯೂ ತೀರಿತು.

ಡಾಂಬರು ರಸ್ತೆಗೆ ಇಂದಿಗೂ ಅದಕ್ಕಿಂತ ನೆಮ್ಮದಿಯ ವ್ಯವಸ್ಥೆ ಇಲ್ಲ. ಮಣ್ಣಿನ ದಾರಿಯಲ್ಲಿ ಮಾತ್ರ ಅದರ ಬಲವೇ ದೌರ್ಬಲ್ಯವಾಗುತ್ತದೆ. ಕಲ್ಲಿನಿಂದ ಕಲ್ಲಿಗೆ ಜಿಗಿಯುವಾಗ ಕ್ಯಾರಿಯರಿನ ಸಣ್ಣ ಬೋಲ್ಟುಗಳ ಮೇಲೆ ಪೂರ್ತಿ ಭಾರದ ಏಟು ಬೀಳುತ್ತದೆ. ಅವು ಸಡಿಲಾಗುತ್ತವೆ, ಕೊನೆಗೆ ಕತ್ತರಿಸಿಹೋಗುತ್ತವೆ. ಕಾಲುದಾರಿಯ ಪೊದೆಗೆ ಚೀಲ ಸಿಕ್ಕಿಕೊಳ್ಳುತ್ತದೆ. ಇಳಿದು ತಳ್ಳಿದರೆ ಹೆಜ್ಜೆಹೆಜ್ಜೆಗೂ ಮೀನಖಂಡಕ್ಕೆ ಬಡಿಯುತ್ತದೆ.

ತಿರುವು ಬಂದದ್ದು ಅಲಾಸ್ಕದ ಹಿಮದಿಂದ. 1987ರಲ್ಲಿ ಅಲ್ಲಿನ ನಾಯಿಬಂಡಿಗಳ ಇಡಿಟರಾಡ್ ದಾರಿಯಲ್ಲಿ ಇಡಿಟಬೈಕ್ ಎಂಬ ಸೈಕಲ್ ಸ್ಪರ್ಧೆ ಆರಂಭವಾಯಿತು. ಹಿಮದ ಮೇಲೆ ಹೆಚ್ಚು ತೂಕ ಹಿಂಚಕ್ರದ ಮೇಲೆ ಬಿದ್ದರೆ ಚಕ್ರ ಹೂತುಹೋಗುತ್ತದೆ. ಹಾಗೆಂದು ಬೆಚ್ಚನೆಯ ಮಲಗುವ ಚೀಲ, ಸ್ಟೌ, ಇಂಧನ ಬಿಟ್ಟು ಹೊರಡುವುದು ಸಾವಿನ ಜೊತೆ ಆಟ. ತೂಕವನ್ನು ಮುಂದೆ, ನಡುವೆ, ಹಿಂದೆ ಹಂಚುವುದು ಅಲ್ಲಿ ಬದುಕುಳಿಯುವ ಲೆಕ್ಕಾಚಾರವಾಗಿತ್ತು. ಸವಾರರು ತಮ್ಮ ಫ್ರೇಮಿಗೆ ತಾವೇ ಚೀಲ ಹೊಲಿದುಕೊಳ್ಳತೊಡಗಿದರು.

ಇನ್ನೊಂದು ಒತ್ತಡ ದಕ್ಷಿಣದಿಂದ ಬಂತು. ಅಡ್ವೆಂಚರ್ ಸೈಕ್ಲಿಂಗ್ ಅಸೋಸಿಯೇಷನ್ 1990ರ ದಶಕದ ಕೊನೆಗೆ ರಾಕಿ ಪರ್ವತಸಾಲಿನುದ್ದಕ್ಕೂ ಗ್ರೇಟ್ ಡಿವೈಡ್ ಎಂಬ ಮಣ್ಣುದಾರಿಯ ನಕ್ಷೆ ಬಿಡಿಸಿತು. 1999ರಲ್ಲಿ ಜಾನ್ ಸ್ಟ್ಯಾಮ್‌ಸ್ಟಡ್ ಅದನ್ನು ಒಬ್ಬನೇ, ಗಡಿಯಾರದ ಎದುರು ಓಡಿಸಿ ತೋರಿಸಿದ. 2008ರಲ್ಲಿ ಕೆನಡಾದ ಬ್ಯಾನ್ಫ್‌ನಿಂದ ಮೆಕ್ಸಿಕೊ ಗಡಿಯವರೆಗಿನ ಟೂರ್ ಡಿವೈಡ್ ಶುರುವಾಯಿತು. ದೂರ ನಾಲ್ಕು ಸಾವಿರ ಕಿಲೋಮೀಟರ್ ಮೀರುತ್ತದೆ, ಹೊರಗಿನ ನೆರವು ಇಲ್ಲ. ಆ ಹೊತ್ತಿಗೆ ಅಲಾಸ್ಕದ ಆಂಕರೇಜ್‌ನಲ್ಲಿ ಎರಿಕ್ ಪಾರ್ಸನ್ಸ್, ಕ್ಯಾಲಿಫೋರ್ನಿಯಾದಲ್ಲಿ ಜೆಫ್ ಬೋಟ್‌ಮನ್ ಹೊಲಿಗೆಯಂತ್ರದ ಮುಂದೆ ಕೂತಾಗಿತ್ತು. ಪಾರ್ಸನ್ಸ್ ಅವರ ಎಪಿಕ್ ಡಿಸೈನ್ಸ್ ಮುಂದೆ ರೆವೆಲೇಟ್ ಡಿಸೈನ್ಸ್ ಆಯಿತು. ಆಗಿನ ಪದ್ಧತಿ ನನಗೆ ತುಂಬ ಪ್ರೀತಿಯದು. ಗಿರಾಕಿ ತನ್ನ ಫ್ರೇಮಿನ ಹಿಂದೆ ರಟ್ಟು ಹಿಡಿದು, ಒಳಗಿನ ಅಂಚಿನ ಗುಂಟ ಪೆನ್ಸಿಲ್ ಎಳೆದು, ಆ ಅಚ್ಚನ್ನು ಅಂಚೆಯಲ್ಲಿ ಕಳಿಸುತ್ತಿದ್ದ. ರವಿಕೆಗೆ ಅಳತೆ ಕೊಟ್ಟಂತೆಯೇ.

ಅಳತೆ ಸರಿಯಾದರೂ ಕಟ್ಟುವ ಕೈ ಪಳಗಬೇಕು. ಮೂರು ಚೀಲಗಳಲ್ಲಿ ಹೆಚ್ಚು ಕಾಡುವುದು ಸೀಟಿನ ಹಿಂದಿನದು. ಸೀಟಿನ ಕೆಳಗಿನ ಎರಡು ಕಂಬಿಗೂ ಸೀಟ್‌ಪೋಸ್ಟಿಗೂ ಮಾತ್ರ ಅದಕ್ಕೆ ಹಿಡಿತ. ಉಳಿದ ಮೈಯೆಲ್ಲ ಗಾಳಿಯಲ್ಲಿ ಚಾಚಿಕೊಂಡಿರುತ್ತದೆ. ಭಾರದ ವಸ್ತು ತುದಿಗೆ ಹೋದಷ್ಟೂ ಅದು ಹಸುವಿನ ಬಾಲದಂತೆ ಅತ್ತಿತ್ತ ಬೀಸುತ್ತದೆ. ಚಾರ್ಮಾಡಿ ಘಾಟಿ ಹತ್ತುವಾಗ, ಸೀಟಿನಿಂದ ಎದ್ದು ತುಳಿದಾಗಲೆಲ್ಲ ಯಾರೋ ಹಿಂದಿನಿಂದ ಎಳೆದಂತಾಗುತ್ತಿದ್ದ ಆ ಮೊದಲ ಪಯಣ ನನಗೆ ಇನ್ನೂ ನೆನಪಿದೆ. ತಪ್ಪು ಚೀಲದ್ದಲ್ಲ. ಸ್ಪ್ಯಾನರ್ ಮತ್ತು ಬ್ಯಾಟರಿಯನ್ನು ಬೇಗ ಕೈಗೆ ಸಿಗಲೆಂದು ಬಾಯಿಯ ಹತ್ತಿರ ಇಟ್ಟಿದ್ದೆ. ಭಾರದ್ದು ಸೀಟ್‌ಪೋಸ್ಟಿಗೆ ಒತ್ತಿಕೊಂಡಿರಬೇಕು, ಹಗುರ ಬಟ್ಟೆ ತುದಿಗೆ. ತುಂಬುವಾಗ ಮುಷ್ಟಿಯಿಂದ ಒತ್ತಿ ಮೂಲೆಗಳ ಗಾಳಿ ಬಿಡಿಸಬೇಕು. ಮೊದಲು ಸೀಟ್‌ಪೋಸ್ಟಿನ ಪಟ್ಟಿ ಬಿಗಿದು, ಆಮೇಲೆ ಚೀಲವನ್ನು ಮೇಲಕ್ಕೆತ್ತಿ ಹಿಡಿದು ಸೀಟಿನ ಕಂಬಿಯ ಪಟ್ಟಿ ಎಳೆಯಬೇಕು. ಹತ್ತಿಪ್ಪತ್ತು ಕಿಲೋಮೀಟರ್ ಆದ ಮೇಲೆ ಒಳಗಿನದು ಕುಳಿತು ಪಟ್ಟಿಗಳು ಸಡಿಲಾಗುತ್ತವೆ. ಇಳಿದು ಮತ್ತೊಮ್ಮೆ ಎಳೆಯದೆ ಮುಂದೆ ಹೋಗಬಾರದು. ಹಿಂದೆ ಶಾಕ್ ಇರುವ ಸೈಕಲ್ಲಾದರೆ ಅದು ಪೂರ್ತಿ ಅದುಮಿದಾಗ ಚೀಲದ ತಳ ಟೈರಿಗೆ ತಾಗುವುದೇ ಎಂದು ಮನೆಯಲ್ಲೇ ನೋಡಿಕೊಳ್ಳಬೇಕು.

ನಡುವಿನ ಚೀಲದ್ದು ಶಾಂತ ಸ್ವಭಾವ. ಸೈಕಲ್ಲಿನ ತೂಕದ ಕೇಂದ್ರಕ್ಕೆ ಹತ್ತಿರವಿರುವುದರಿಂದ ನೀರು, ಉಪಕರಣ, ಅಕ್ಕಿಬೇಳೆಯಂಥ ಭಾರಕ್ಕೆಲ್ಲ ಅದೇ ಮನೆ. ಅದರ ಶತ್ರು ನಮ್ಮ ದುರಾಸೆ. ಹೆಚ್ಚು ತುರುಕಿದರೆ ಹೊಟ್ಟೆ ಉಬ್ಬಿ ಮೊಣಕಾಲಿಗೆ ಉಜ್ಜುತ್ತದೆ, ಜಿಪ್ ಹಲ್ಲು ಬಿಡುತ್ತದೆ. ಹ್ಯಾಂಡಲ್‌ಬಾರಿನ ಸುರುಳಿಯಲ್ಲಿ ಹಗುರವಾದದ್ದೇ ಇರಬೇಕು, ಇಲ್ಲವಾದರೆ ತಿರುಗಿಸುವ ಕೈ ಸೋಲುತ್ತದೆ. ಸುರುಳಿಗೂ ಬಾರಿಗೂ ನಡುವೆ ಸ್ಪಂಜಿನ ತುಂಡುಗಳನ್ನಿಟ್ಟರೆ ಬ್ರೇಕ್ ಮತ್ತು ಗೇರಿನ ಕೇಬಲ್ ಮಡಿಚಿ ಮುರಿಯುವುದು ತಪ್ಪುತ್ತದೆ.

ಯಾರೂ ಮೊದಲು ಯೋಚಿಸದ ಇನ್ನೊಂದು ವಿಷಯವಿದೆ. ಪಟ್ಟಿಯ ಅಡಿಗೆ ಕೆಂಪು ಧೂಳು ಸೇರಿದರೆ ಅದು ಉಪ್ಪುಕಾಗದವಾಗುತ್ತದೆ. ನಾಲ್ಕು ದಿನದ ದಾರಿಯಲ್ಲಿ ಬಣ್ಣ ಹೋಗಿ ಲೋಹ ಕಾಣಿಸಿಕೊಂಡದ್ದನ್ನು ನೋಡಿದ್ದೇನೆ. ಕಾರ್ಬನ್ ಫ್ರೇಮಾದರೆ ಸವೆತ ಇನ್ನೂ ಅಪಾಯಕಾರಿ. ಪಟ್ಟಿ ಮುಟ್ಟುವ ಜಾಗಕ್ಕೆಲ್ಲ ಮೊದಲೇ ಪಾರದರ್ಶಕ ಟೇಪ್ ಅಂಟಿಸುವುದು ಅಗ್ಗದ ವಿಮೆ.

ಪಟ್ಟಿಯ ಕಥೆಯೇ ಒಂದು ಅಧ್ಯಾಯವಾಗಬಹುದು. ವೆಲ್ಕ್ರೊ ಕೆಸರಿನಲ್ಲಿ ಹಿಡಿತ ಕಳೆದುಕೊಳ್ಳುತ್ತದೆ, ನೈಲಾನ್ ಪಟ್ಟಿ ನೆನೆದರೆ ಜಾರುತ್ತದೆ. ಕೊನೆಗೆ ಈ ಲೋಕ ಮೆಚ್ಚಿದ್ದು ವೊಯ್ಲೆ ಎಂಬ ಅಮೆರಿಕದ ಕಂಪನಿ ಸ್ಕೀಗಳನ್ನು ಕಟ್ಟಲು ಮಾಡಿದ ಪಾಲಿಯುರೆಥೇನ್ ಪಟ್ಟಿಯನ್ನು. ಅದು ತುಸು ಹಿಗ್ಗುತ್ತದೆ, ಹಿಗ್ಗಿದ್ದರಿಂದಲೇ ಸದಾ ಎಳೆದು ಹಿಡಿದಿರುತ್ತದೆ, ಮೈಗೆ ಹಿಡಿತವಿರುವುದರಿಂದ ಜಾರುವುದಿಲ್ಲ. ಇದನ್ನು ಓದಿದಾಗ ನನಗೆ ನಮ್ಮೂರ ಹಾಲಿನವರ ಸೈಕಲ್ ಕಣ್ಣಮುಂದೆ ಬಂತು. ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿದ ರಬ್ಬರ್ ಪಟ್ಟಿಯಿಂದ ಅವರು ಕ್ಯಾರಿಯರಿಗೆ ಕ್ಯಾನು ಬಿಗಿಯುತ್ತಿದ್ದದ್ದು ಇದೇ ಗುಣವನ್ನು ನಂಬಿ. ತೆಂಗಿನಕಾಯಿ ಮೂಟೆಯಿಂದ ಗ್ಯಾಸ್ ಸಿಲಿಂಡರಿನವರೆಗೆ ಕರ್ನಾಟಕದ ಸೈಕಲ್ಲುಗಳು ಹೊತ್ತದ್ದನ್ನೆಲ್ಲ ಕಟ್ಟಿದ್ದು ಆ ರಬ್ಬರೇ.

2013ರಲ್ಲಿ ಚೀಲ ಕಟ್ಟುವ ಈ ವಿದ್ಯೆ ಕಾಡಿನಿಂದ ಹೆದ್ದಾರಿಗೆ ದಾಟಿತು. ಅದೇ ವರ್ಷ ಟೂರ್ ಡಿವೈಡ್‌ನಲ್ಲಿ ಎಲ್ಲರಿಗಿಂತ ಮುಂದೆ ಗುರಿ ಮುಟ್ಟಿದ ಇಂಗ್ಲೆಂಡಿನ ಮೈಕ್ ಹಾಲ್, ಲಂಡನ್ನಿನಿಂದ ಇಸ್ತಾಂಬುಲ್‌ವರೆಗಿನ ಟ್ರಾನ್ಸ್‌ಕಾಂಟಿನೆಂಟಲ್ ಸ್ಪರ್ಧೆಯನ್ನೂ ಆರಂಭಿಸಿದರು. ಟೋರಿ ಫೇಹಿ ಲಂಡನ್ನಿನಲ್ಲಿ ಅಪಿಡ್ಯುರ ಕಂಪನಿ ಹುಟ್ಟುಹಾಕಿದ್ದೂ ಆಗಲೇ. ಗಾಳಿಗೆ ಅಡ್ಡಬರದ ಕಿರಿದಾದ ಚೀಲಗಳು ರಸ್ತೆ ಸವಾರರಿಗೂ ರುಚಿಸಿದವು. ಹಾಯಿದೋಣಿಯ ಬಟ್ಟೆಯಿಂದ ಬಂದ ಪದರುಬಟ್ಟೆ ಎಕ್ಸ್‌-ಪ್ಯಾಕ್, ಸೂಜಿಯ ತೂತೇ ಇಲ್ಲದಂತೆ ಶಾಖದಿಂದ ಬೆಸೆದ ಜೋಡಣೆ, ಒಂದೊಂದಾಗಿ ಬಂದವು. 2017ರಲ್ಲಿ ಆಸ್ಟ್ರೇಲಿಯಾದ ಸ್ಪರ್ಧೆಯೊಂದರಲ್ಲಿ ಮೈಕ್ ಹಾಲ್ ಕಾರಿನ ಡಿಕ್ಕಿಗೆ ಸಿಕ್ಕಿ ತೀರಿಕೊಂಡರು. ಅಷ್ಟರಲ್ಲಿ ಅವರಂಥವರು ಓಡಿಸಿದ ರೀತಿ ಸಾವಿರಾರು ಜನರ ವಾರಾಂತ್ಯದ ರೀತಿಯಾಗಿತ್ತು.

ಈಚಿನ ಹತ್ತು ವರ್ಷಗಳಲ್ಲಿ ಆದದ್ದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಬದಲಾವಣೆ. ಅದುವರೆಗೆ ಚೀಲ ಸೈಕಲ್ಲಿಗೆ ಹೊಂದಿಕೊಳ್ಳುತ್ತಿತ್ತು. ಈಗ ಸೈಕಲ್ಲೇ ಚೀಲಕ್ಕೆ ಹೊಂದಿಕೊಳ್ಳತೊಡಗಿತು. 64 ಮಿಲಿಮೀಟರ್ ಅಂತರದ ಎರಡು ಬಾಟಲಿ ತೂತುಗಳಷ್ಟೇ ಇದ್ದ ಫ್ರೇಮುಗಳಲ್ಲಿ ಟಾಪ್ ಟ್ಯೂಬಿನ ಮೇಲೆ, ಡೌನ್ ಟ್ಯೂಬಿನ ಅಡಿಗೆ ಹೊಸ ತೂತುಗಳು ಬಂದವು. ಫೋರ್ಕಿನ ಎರಡೂ ಕಾಲಿಗೆ ಮೂರು ಮೂರು ಬೋಲ್ಟಿನ ಜಾಗ ಬಂತು. ಸಾಮಾನು ಹಿಡಿದಿಡುವ, ಸಾಲ್ಸಾ ಕಂಪನಿಯ ಎನಿಥಿಂಗ್ ಕೇಜ್ ಅದಕ್ಕೆ ದಾರಿ ತೋರಿತ್ತು. ಪಟ್ಟಿಯಿಲ್ಲದೆ ನೇರ ಬೋಲ್ಟಿಗೆ ಕೂರುವ ಚೀಲಗಳು ಬಂದು ಬಣ್ಣ ಉಜ್ಜುವ ಕಾಟವೇ ತಪ್ಪಿತು. ಬ್ರಿಸ್ಟಲಿನ ಟೇಲ್‌ಫಿನ್ ಹಿಂಚಕ್ರದ ಅಚ್ಚಿನಿಂದ ಎದ್ದು ಸೀಟ್‌ಪೋಸ್ಟಿಗೆ ಸೇರುವ ಕಮಾನಿನ ಮೇಲೆ ಚೀಲ ಕೂರಿಸಿ ಬಾಲ ಬೀಸುವುದನ್ನು ನಿಲ್ಲಿಸಿತು. ಒಂದು ಬಗೆಯಲ್ಲಿ ಕ್ಯಾರಿಯರ್ ವಾಪಸ್ಸು ಬಂದಿದೆ. ಇದನ್ನು ಸೋಲೆಂದು ನಾನು ಎಣಿಸುವುದಿಲ್ಲ. ಹಿಂದಿನ ಕ್ಯಾರಿಯರ್ ಭಾರವನ್ನು ಬದಿಗೆ ಅಗಲಿಸುತ್ತಿತ್ತು, ಇದು ಸವಾರರ ಮೈಯ ನೆರಳಿನಲ್ಲೇ ಇಟ್ಟುಕೊಳ್ಳುತ್ತದೆ.

ಆದರೂ ಒಂದು ಅನ್ಯಾಯ ಉಳಿದೇ ಇದೆ. ಈ ಚೀಲಗಳೆಲ್ಲ ಎತ್ತರದವರ ಫ್ರೇಮನ್ನು ಮನಸ್ಸಿನಲ್ಲಿಟ್ಟು ಹುಟ್ಟಿದವು. ಐದಡಿ ಎತ್ತರದ ಹೆಣ್ಣುಮಗಳ ಸೈಕಲ್ಲಿನಲ್ಲಿ ಒಳಜಾಗ ಅಂಗೈಯಷ್ಟು. ಚೀಲ ಹಾಕಿದರೆ ಬಾಟಲಿ ಹೊರಗೆ, ಬಾಟಲಿ ಇಟ್ಟರೆ ಚೀಲ ಹೊರಗೆ. ಸೀಟು ತಗ್ಗಿರುವುದರಿಂದ ಹಿಂದಿನ ಚೀಲ ಟೈರಿಗೆ ಉಜ್ಜುತ್ತದೆ, ಮುಂದಿನ ಸುರುಳಿ ಮುಂಚಕ್ರಕ್ಕೆ. ಅಂಥವರಿಗೆ ಪುಟ್ಟ ಕ್ಯಾರಿಯರ್, ಫೋರ್ಕಿನ ಕೇಜ್, ಬದಿಯಿಂದ ಬಾಟಲಿ ತೆಗೆಯುವ ಕೇಜ್, ಇವೇ ನಿಜವಾದ ಉಪಕಾರಿಗಳು.

ನನ್ನ ತಂಗಿಯ ಮಗಳಿಗೆ ಸಿದ್ಧಚೀಲ ಯಾವುದೂ ಹೊಂದಲಿಲ್ಲ. ಹಾಸನದಲ್ಲಿ ಶಾಲಾ ಬ್ಯಾಗು ರಿಪೇರಿ ಮಾಡುವವರೊಬ್ಬರ ಬಳಿ ಸೈಕಲ್ಲನ್ನೇ ತಳ್ಳಿಕೊಂಡು ಹೋದೆವು. ಅವರು ಹಳೆಯ ಷರಟಿನ ಡಬ್ಬಿಯ ರಟ್ಟನ್ನು ಫ್ರೇಮಿಗೆ ಹಿಡಿದರು, ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಕಂಬಿಗಳ ಒಳಅಂಚಿನ ಗುಂಟ ಗೆರೆ ಎಳೆದರು. ಆಮೇಲೆ, "ಒಂದು ಬಾಟಲಿಗೆ ಜಾಗ ಬಿಡಲೇನಮ್ಮ?" ಎಂದು ಅವಳನ್ನೇ ಕೇಳಿದರು.