ಈಡು, ಮಾನ, ದಂಡ: ಯೇಸುವಿನ ಶಿಲುಬೆಮರಣಕ್ಕೆ ಬಂದ ಅರ್ಥಗಳು

ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ಸೇರಿದ್ದ ಬಿಷಪರು ಒಪ್ಪಿಕೊಂಡ ವಿಶ್ವಾಸಪ್ರಮಾಣದಲ್ಲಿ ಶಿಲುಬೆಯ ಪ್ರಸ್ತಾಪವೇ ಇಲ್ಲ. ಕ್ರಿಸ್ತ ಬಾಧೆಪಟ್ಟ, ಮೂರನೆಯ ದಿನ ಎದ್ದ ಎಂದಷ್ಟೇ ಹೇಳಿ ಅದು ಮುಂದಕ್ಕೆ ಹೋಗುತ್ತದೆ. 381ರ ಕಾನ್‌ಸ್ಟಾಂಟಿನೋಪಲ್ ಸಭೆಯದೆಂದು ಬಂದಿರುವ ಪಾಠದಲ್ಲಿ ಎರಡು ಸಂಗತಿ ಸೇರಿಕೊಂಡವು. ಆತನನ್ನು ಶಿಲುಬೆಗೇರಿಸಿದ್ದು ಪೊಂತ್ಯ ಪಿಲಾತನೆಂಬ ರೋಮನ್ ಅಧಿಕಾರಿಯ ಕಾಲದಲ್ಲಿ. ಅದು ನಡೆದದ್ದು ನಮಗಾಗಿ. ಮಂಗಳೂರಿನ ಇಗರ್ಜಿಯಲ್ಲೂ ಮಾಸ್ಕೋದ ಇಗರ್ಜಿಯಲ್ಲೂ ಇಂದು ಜನ ಹೇಳುವುದು ಬಹುಮಟ್ಟಿಗೆ ಈ ಎರಡನೆಯ ಪಾಠವನ್ನೇ.

ನಮಗಾಗಿ ಎಂದರೆ ಹೇಗೆ? ಒಬ್ಬನ ಸಾವಿನಿಂದ ಇನ್ನೊಬ್ಬರ ಪಾಪ ಕಳೆಯುವುದು ಯಾವ ಲೆಕ್ಕದಲ್ಲಿ? ಕ್ರಿಸ್ತನಲ್ಲಿ ದೈವತ್ವವೂ ಮನುಷ್ಯತ್ವವೂ ಕೂಡಿರುವ ಬಗೆಯನ್ನು 451ರ ಕಲ್ಸಿಡಾನ್ ಸಭೆ ಪದಪದವನ್ನೂ ತೂಗಿ ಬರೆಯಿತು, ಒಪ್ಪದವರು ಬೇರೆಯಾಗಿ ಹೋದರು. ಆ ಸಾವು ರಕ್ಷಣೆ ತರುವ ಬಗೆಯನ್ನು ಕುರಿತು ಮಾತ್ರ ಮೊದಲ ಏಳು ಮಹಾಸಭೆಗಳಲ್ಲಿ ಒಂದೂ ಸೂತ್ರ ಕಟ್ಟಲಿಲ್ಲ. ಹೀಗೆ ಬಿಟ್ಟ ಜಾಗವನ್ನು ಆಯಾ ಕಾಲದ ಕ್ರೈಸ್ತರು ತಮ್ಮ ಸಂತೆ, ದರ್ಬಾರು, ನ್ಯಾಯಾಲಯಗಳಿಂದ ತಂದ ಮಾತುಗಳಿಂದ ತುಂಬಿದರು ಎಂಬುದು ಈ ಲೇಖನದ ವಾದ.

ಮೊದಲು ಶಿಕ್ಷೆಯ ಸ್ವರೂಪ ತಿಳಿಯಬೇಕು. ಶಿಲುಬೆ ರೋಮ್ ಸಾಮ್ರಾಜ್ಯದಲ್ಲಿ ಗುಲಾಮರಿಗೆ, ದಂಗೆಕೋರರಿಗೆ, ದರೋಡೆಕೋರರಿಗೆ ಮೀಸಲಾದ ಸಾವು. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸ್‌ನ ಬಂಡಾಯ ಮುರಿದ ಮೇಲೆ ಸೆರೆಸಿಕ್ಕ 6,000 ಗುಲಾಮರನ್ನು ಕಪುವಾದಿಂದ ರೋಮ್‌ವರೆಗಿನ ಹೆದ್ದಾರಿಯುದ್ದಕ್ಕೂ ಶಿಲುಬೆಗೆ ಜಡಿದರೆಂದು ಇತಿಹಾಸಕಾರ ಅಪ್ಪಿಯನ್ ಬರೆದಿದ್ದಾನೆ. ಕೊಲ್ಲುವುದಕ್ಕಿಂತ ತೋರಿಸುವುದೇ ಅದರ ಉದ್ದೇಶ. ಕ್ರಿ.ಪೂ. 63ರಲ್ಲಿ ಸಿಸೆರೊ ಒಂದು ವಾದದಲ್ಲಿ, ಶಿಲುಬೆ ಎಂಬ ಶಬ್ದವೂ ರೋಮನ್ ಪೌರನ ಕಿವಿಗೆ ಬೀಳಬಾರದು ಎಂಬರ್ಥದಲ್ಲಿ ಮಾತಾಡಿದ. ಸಭ್ಯರು ಅದನ್ನು ಬಾಯಲ್ಲಿ ಆಡುತ್ತಿರಲಿಲ್ಲ.

ಹೀಗೆ ಸತ್ತವರು ಸಾವಿರಾರು ಮಂದಿ, ಉಳಿದ ಭೌತಿಕ ಕುರುಹು ಬೆರಳೆಣಿಕೆಯಷ್ಟು. 1968ರಲ್ಲಿ ಜೆರುಸಲೇಮಿನ ಈಶಾನ್ಯದ ಗಿವಾತ್ ಹಾಮಿವ್ತಾರ್‌ನಲ್ಲಿ ಪುರಾತತ್ವಜ್ಞ ವಸಿಲಿಯೋಸ್ ಜಾಫೆರಿಸ್ ಗೋರಿಗಳನ್ನು ಅಗೆದಾಗ ಒಂದು ಸುಣ್ಣಕಲ್ಲಿನ ಅಸ್ಥಿಪೆಟ್ಟಿಗೆ ಸಿಕ್ಕಿತು. ಅದರ ಮೇಲೆ ಗೀಚಿದ್ದ ಹೆಸರು ಯೆಹೋಹಾನನ್. ಒಳಗೆ ಹಿಮ್ಮಡಿಯ ಮೂಳೆ, ಅದನ್ನು ಅಡ್ಡಕ್ಕೆ ತೂರಿಕೊಂಡು ನಿಂತ 11.5 ಸೆಂಟಿಮೀಟರಿನ ಕಬ್ಬಿಣದ ಮೊಳೆ. ಮೊಳೆಯ ತುದಿ ಬಾಗಿದೆ. ಮರದ ಗಂಟಿಗೆ ಬಡಿದು ಬಾಗಿದ್ದರಿಂದಲೇ ಬಂಧುಗಳಿಗೆ ಕೀಳಲಾಗದೆ ಮೂಳೆಯ ಜೊತೆ ಉಳಿಯಿತೆಂದು ವಿದ್ವಾಂಸರ ಊಹೆ. ಯೇಸುವಿನ ಕಾಲದ ಆಸುಪಾಸಿನ ಈ ಮನುಷ್ಯನ ಹಿಮ್ಮಡಿ, ನನ್ನ ಮಟ್ಟಿಗೆ, ಶಿಲುಬೆಯ ಬಗ್ಗೆ ಬರೆದ ಎಷ್ಟೋ ಸಂಪುಟಗಳಿಗಿಂತ ನೇರವಾಗಿ ಮಾತಾಡುತ್ತದೆ.

ಇಂಥ ಸಾವು ಸತ್ತವನನ್ನು ದೇವರೆನ್ನುವುದು ಹೊರಗಿನವರಿಗೆ ನಗೆಪಾಟಲಿನ ವಿಷಯವಾಗಿತ್ತು. ರೋಮಿನ ಪ್ಯಾಲಟೈನ್ ಗುಡ್ಡದಲ್ಲಿ 1857ರಲ್ಲಿ ಸಿಕ್ಕ ಒಂದು ಗೋಡೆಗೀಚು, ಸುಮಾರು 200ನೇ ಇಸವಿಯದು, ಕತ್ತೆಮುಖದ ಮನುಷ್ಯನನ್ನು ಶಿಲುಬೆಯ ಮೇಲೆ ತೋರಿಸುತ್ತದೆ. ಪಕ್ಕದಲ್ಲಿ ಒಬ್ಬ ಕೈಯೆತ್ತಿ ನಿಂತಿದ್ದಾನೆ. ಅಲೆಕ್ಸಾಮೆನೊಸ್ ತನ್ನ ದೇವರನ್ನು ಪೂಜಿಸುತ್ತಿದ್ದಾನೆಂದು ಕೆಳಗೆ ಒರಟು ಗ್ರೀಕಿನಲ್ಲಿದೆ. ಶಿಲುಬೆಗೇರಿದ ಯೇಸುವಿನ ಅತಿ ಹಳೆಯ ಚಿತ್ರಗಳಲ್ಲಿ ಒಂದು ಈ ಅಪಹಾಸ್ಯ.

ಒಳಗಿನವರಿಗೂ ಸಮಸ್ಯೆ ಸಣ್ಣದಾಗಿರಲಿಲ್ಲ. ಮರಕ್ಕೆ ತೂಗಹಾಕಲ್ಪಟ್ಟವನು ಶಾಪಗ್ರಸ್ತನೆಂದು ಧರ್ಮೋಪದೇಶಕಾಂಡ ಹೇಳುತ್ತದೆ. ಯೆಹೂದ್ಯನಾದ ಪೌಲ ಇದನ್ನು ಬಲ್ಲ. ಗಲಾತ್ಯದವರಿಗೆ ಬರೆಯುವಾಗ ಆ ಶಾಪವನ್ನು ಅಲ್ಲಗಳೆಯುವುದಿಲ್ಲ, ಕ್ರಿಸ್ತ ನಮ್ಮ ಶಾಪವನ್ನೇ ಹೊತ್ತ ಎಂದು ತಿರುಗಿಸುತ್ತಾನೆ. ಸುವಾರ್ತೆಗಳೂ ಒಂದೇ ಸ್ವರದಲ್ಲಿ ಹಾಡುವುದಿಲ್ಲ. ಮಾರ್ಕನ ಯೇಸು ದೇವರು ಕೈಬಿಟ್ಟನೆಂದು ಕೂಗಿ ಸಾಯುತ್ತಾನೆ. ಲೂಕನಲ್ಲಿ ಆ ಕೂಗಿಲ್ಲ, ತಂದೆಯ ಕೈಗೆ ಆತ್ಮವನ್ನು ಒಪ್ಪಿಸುವ ಸಮಾಧಾನವಿದೆ. ಯೋಹಾನನಂತೂ ಸಾವಿನ ದಿನವನ್ನೇ ಯೆಹೂದ್ಯರ ಪಸ್ಕ ಹಬ್ಬದ ಕುರಿಮರಿಗಳನ್ನು ಕೊಯ್ಯುವ ದಿನಕ್ಕೆ ಹೊಂದಿಸುತ್ತಾನೆ. ಬಲಿ, ಬಿಡುಗಡೆಗೆ ತೆತ್ತ ಈಡು, ವೈರಿಶಕ್ತಿಗಳ ಮೇಲಿನ ಗೆಲುವು, ಅನುಸರಿಸಬೇಕಾದ ಮಾದರಿ: ಹೊಸ ಒಡಂಬಡಿಕೆಯಲ್ಲಿ ಇವೆಲ್ಲ ಒಟ್ಟೊಟ್ಟಿಗೇ ಇವೆ, ಯಾವುದೂ ಯಾವುದಕ್ಕೂ ಅಧೀನವಲ್ಲ.

ಮೊದಲ ಶತಮಾನಗಳಲ್ಲಿ ಬೇರು ಬಿಟ್ಟದ್ದು ಈಡಿನ ಮಾತು. ಮೂರನೇ ಶತಮಾನದ ಒರಿಜೆನ್ ಅದನ್ನು ಅಕ್ಷರಶಃ ಹಿಡಿದು ಈಡನ್ನು ಯಾರಿಗೆ ಕೊಟ್ಟದ್ದೆಂದು ಕೇಳಿದ. ದೇವರಿಗಂತೂ ಅಲ್ಲ, ಹಾಗಾದರೆ ಮನುಷ್ಯರನ್ನು ಸೆರೆಹಿಡಿದಿದ್ದ ಸೈತಾನನಿಗೇ ಇರಬೇಕು. ನಾಲ್ಕನೇ ಶತಮಾನದಲ್ಲಿ ನಿಸ್ಸಾದ ಗ್ರೆಗರಿ ಇದನ್ನು ಇನ್ನೂ ಬೆಳೆಸಿದ: ಕ್ರಿಸ್ತನ ದೇಹ ಎರೆ, ಒಳಗಿನ ದೈವತ್ವ ಗಾಳ, ನುಂಗಿದ ಸೈತಾನ ಸಿಕ್ಕಿಬಿದ್ದ. ಅವನ ಗೆಳೆಯ, ನಜಿಯಾನ್ಜಸ್‌ನ ಗ್ರೆಗರಿಗೆ ಇದನ್ನು ಸಹಿಸಲಾಗಲಿಲ್ಲ. ದರೋಡೆಕೋರನಿಗೆ ದೇವರು ಬೆಲೆ ತೆರುವುದೆಂದರೆ ಅವಮಾನವೆಂದು ಅವನ ಆಕ್ಷೇಪ. ನಮಗೆ ಇಂದು ಗಾಳದ ಕಥೆ ಮಕ್ಕಳಾಟವೆನಿಸಬಹುದು. ಕೇಳುತ್ತಿದ್ದವರ ಲೋಕ ಬೇರೆಯಿತ್ತು. 378ರಲ್ಲಿ ಆಡ್ರಿಯಾನೋಪಲ್‌ನಲ್ಲಿ ರೋಮನ್ ಸೇನೆ ಗೋಥರಿಗೆ ಸೋತ ನಂತರದ ದಿನಗಳಲ್ಲಿ ಮಿಲಾನಿನ ಬಿಷಪ್ ಆಂಬ್ರೋಸ್ ಇಗರ್ಜಿಯ ಪವಿತ್ರ ಪಾತ್ರೆಗಳನ್ನು ಕರಗಿಸಿ, ಆ ಹಣದಿಂದ ಸೆರೆಯಾಳುಗಳನ್ನು ಬಿಡಿಸಿದ. ಟೀಕಿಸಿದವರಿಗೆ ಉತ್ತರವನ್ನೂ ಬರೆದ. ಮನೆಯ ಮಗಳೋ ಮಗನೋ ಗುಲಾಮರ ಸಂತೆಯಲ್ಲಿ ಮಾರಾಟವಾಗಬಹುದಾಗಿದ್ದ ಊರುಗಳಲ್ಲಿ ಈಡು ಅಲಂಕಾರದ ಮಾತಾಗಿರಲಿಲ್ಲ.

ನೋವಿಗಿಂತ ಬಿಡುಗಡೆಗೆ ಒತ್ತು ಕೊಡುವ ಈ ಮಾತಿಗೆ ಚಿತ್ರಗಳ ಕಥೆಯೂ ಹೊಂದುತ್ತದೆ. ಕ್ಯಾಟಕೂಂಬ್ ಗೋರಿಗಳಲ್ಲಿ ಮೀನು, ಲಂಗರು, ಕುರಿಮರಿ ಹೊತ್ತ ಕುರುಬ ಸಿಗುತ್ತಾರೆ, ನೇತಾಡುವ ದೇಹ ಸಿಗುವುದಿಲ್ಲ. ನಾಲ್ಕನೇ ಶತಮಾನದಲ್ಲಿ ಕಾನ್‌ಸ್ಟಂಟೈನ್ ಆ ಶಿಕ್ಷೆಯನ್ನೇ ನಿಲ್ಲಿಸಿದನೆಂದು ಪ್ರಾಚೀನ ಲೇಖಕರು ಹೇಳುತ್ತಾರೆ. ನಿಜವಾದ ಶಿಲುಬೆಯನ್ನು ಕಣ್ಣಾರೆ ಕಂಡ ಪೀಳಿಗೆಗಳು ಮರೆಯಾದ ಮೇಲೆಯೇ, 430ರ ಸುಮಾರಿಗೆ, ರೋಮಿನ ಸಾಂತಾ ಸಬೀನಾ ಇಗರ್ಜಿಯ ಮರದ ಬಾಗಿಲಲ್ಲಿ ಆ ದೃಶ್ಯ ಬರುತ್ತದೆ. ಅಲ್ಲಿಯೂ ಯೇಸು ಕಣ್ಣು ತೆರೆದು ಕೈ ಚಾಚಿ ನಿಂತಂತಿದ್ದಾನೆ, ನೋವಿನ ಸುಳಿವಿಲ್ಲ. ಚೆನ್ನೈನ ಸಂತ ತೋಮಸ್ ಬೆಟ್ಟದಲ್ಲಿ 1547ರಲ್ಲಿ ಪೋರ್ಚುಗೀಸರಿಗೆ ಸಿಕ್ಕ ಪಹ್ಲವಿ ಶಾಸನದ ಶಿಲುಬೆಯಲ್ಲಿ ದೇಹವೇ ಇಲ್ಲ. ಪರ್ಷಿಯಾದ ಕ್ರೈಸ್ತರ ಪೂರ್ವದ ಸಭೆಗೆ ಅದು ಗೆಲುವಿನ ಗುರುತು. ಪಶ್ಚಿಮದಲ್ಲಿ ಕಣ್ಣು ಮುಚ್ಚಿದ ದೊಡ್ಡ ಪ್ರತಿಮೆ ಕಾಣಲು 970ರ ಸುಮಾರಿಗೆ, ಕೊಲೋನ್‌ನ ಗೆರೋ ಶಿಲುಬೆಯವರೆಗೆ ಕಾಯಬೇಕು. ಓಕ್ ಮರದಲ್ಲಿ ಕೆತ್ತಿದ ಆಳೆತ್ತರದ ಆ ದೇಹ ಜೋತುಬಿದ್ದಿದೆ, ಹೊಟ್ಟೆ ಮುಂದಕ್ಕೆ ಬಂದಿದೆ, ತಲೆ ಕೆಳಗಾಗಿದೆ.

ವಿಚಾರದಲ್ಲಿ ದೊಡ್ಡ ತಿರುವು ಬಂದದ್ದು 1098ರಲ್ಲಿ. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್ ಇಂಗ್ಲೆಂಡಿನ ರಾಜ ಎರಡನೇ ವಿಲಿಯಮನೊಡನೆ ಜಗಳವಾಡಿ ದೇಶ ಬಿಟ್ಟಿದ್ದ. ದಕ್ಷಿಣ ಇಟಲಿಯ ಹಳ್ಳಿಯೊಂದರಲ್ಲಿ ಕೂತು, ದೇವರು ಮನುಷ್ಯನಾದದ್ದೇಕೆ ಎಂಬ ಪ್ರಶ್ನೆಯನ್ನೇ ಹೆಸರಾಗಿಸಿಕೊಂಡ ಗ್ರಂಥ ಮುಗಿಸಿದ. ಬೋಸೋ ಎಂಬ ಶಿಷ್ಯನೊಡನೆ ನಡೆಯುವ ಸಂವಾದ ಅದು. ಸೈತಾನನಿಗೆ ಯಾವ ಹಕ್ಕೂ ಇಲ್ಲವೆಂದು ಅದು ಮೊದಲೇ ಅವನನ್ನು ಹೊರಗೆ ಕಳಿಸುತ್ತದೆ. ವ್ಯವಹಾರವೇನಿದ್ದರೂ ಮನುಷ್ಯನಿಗೂ ದೇವರಿಗೂ ನಡುವೆ. ಪಾಪವೆಂದರೆ ದೇವರಿಗೆ ಸಲ್ಲಬೇಕಾದ ಮಾನವನ್ನು ಸಲ್ಲಿಸದಿರುವುದು. ಕಸಿದದ್ದನ್ನು ಹಿಂದಿರುಗಿಸಿದರೆ ಸಾಲದು, ಮಾನಭಂಗಕ್ಕೆ ಪರಿಹಾರವನ್ನೂ ಸೇರಿಸಿ ಕೊಡಬೇಕು. ಮನುಷ್ಯ ಕೊಡಬೇಕಾದವನು, ಆದರೆ ಶಕ್ತಿಯಿಲ್ಲ. ದೇವರಿಗೆ ಶಕ್ತಿಯಿದೆ, ಕೊಡಬೇಕಾದವನಲ್ಲ. ಆದ್ದರಿಂದ ದೇವಮಾನವನೊಬ್ಬ ಬೇಕು. ಪಾಪವಿಲ್ಲದ ಕಾರಣ ಸಾಯುವ ಬಾಧ್ಯತೆಯಿಲ್ಲದ ಅವನು ಸ್ವಇಚ್ಛೆಯಿಂದ ಪ್ರಾಣ ಕೊಟ್ಟಾಗ ಆ ಕೊಡುಗೆ ಎಲ್ಲ ಋಣವನ್ನೂ ಮೀರುತ್ತದೆ. ಇದರ ಹಿಂದೆ ಸಾಮಂತಶಾಹಿಯ ದರ್ಬಾರು ಕಾಣುತ್ತದೆ. ಅಲ್ಲಿ ತಪ್ಪಿನ ತೂಕ ನೊಂದವನ ಅಂತಸ್ತಿನ ಮೇಲೆ ನಿಲ್ಲುತ್ತಿತ್ತು.

ಆನ್ಸೆಲ್ಮ್‌ನ ದೇವರು ಯೇಸುವನ್ನು ದಂಡಿಸುವುದಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಅವನ ತರ್ಕದಲ್ಲಿ ಪರಿಹಾರ ಅಥವಾ ದಂಡ, ಎರಡರಲ್ಲಿ ಒಂದು ನಡೆಯಬೇಕು. ಪರಿಹಾರ ಸಂದರೆ ದಂಡದ ಅಗತ್ಯವೇ ಬೀಳದು. ಜನಪ್ರಿಯ ಬರಹಗಳು ಅವನ ತಲೆಗೆ ಕಟ್ಟುವ ಕೋಪಿಷ್ಠ ದೇವರು ನಿಜಕ್ಕೂ ಅವನವನಲ್ಲ.

ಒಂದು ತಲೆಮಾರಿನ ನಂತರ ಪ್ಯಾರಿಸಿನ ಪೀಟರ್ ಅಬೆಲಾರ್ಡ್, ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಗೆ ವ್ಯಾಖ್ಯಾನ ಬರೆಯುತ್ತ ಈ ಲೆಕ್ಕಾಚಾರವನ್ನೇ ಪ್ರಶ್ನಿಸಿದ. ನಿರಪರಾಧಿಯ ರಕ್ತವನ್ನು ಬೆಲೆಯಾಗಿ ಕೇಳುವುದು ಕ್ರೌರ್ಯವಲ್ಲವೆ? ಆದಾಮ ಹಣ್ಣು ತಿಂದದ್ದಕ್ಕೆ ಇಷ್ಟು ಬೇಕಾದರೆ, ಮಗನನ್ನೇ ಕೊಂದ ಪಾಪಕ್ಕೆ ಇನ್ನೇನು ಬೇಕು? ಅವನ ಪ್ರಕಾರ ಶಿಲುಬೆ ದೇವರ ಪ್ರೀತಿಯನ್ನು ತೋರಿಸಿ ಮನುಷ್ಯನಲ್ಲಿ ಪ್ರೀತಿಯನ್ನು ಎಬ್ಬಿಸುತ್ತದೆ. ಬದಲಾಗಬೇಕಾದವನು ಮನುಷ್ಯ, ದೇವರಲ್ಲ. ಕ್ಲೇರ್ವೊ ಮಠದ ಬರ್ನಾರ್ಡ್ ಇದನ್ನು ಕಟುವಾಗಿ ವಿರೋಧಿಸಿದ. 1141ರ ಸುಮಾರಿಗೆ ಸಾನ್ಸ್ ಸಭೆ ಅಬೆಲಾರ್ಡ್‌ನ ಹಲವು ವಾಕ್ಯಗಳನ್ನು ಖಂಡಿಸಿತು. ಪ್ರಶ್ನೆ ಮಾತ್ರ ಖಂಡನೆಗೆ ಬಗ್ಗಲಿಲ್ಲ.

ಪಂಡಿತರ ವಾದ ಸಾಮಾನ್ಯರನ್ನು ಎಷ್ಟು ಮುಟ್ಟಿತೋ, ಜನ ಶಿಲುಬೆಯನ್ನು ತಮ್ಮ ಮೈಯ ನೋವಿನಿಂದಲೇ ಓದಿಕೊಂಡರು. ಮಥಿಯಾಸ್ ಗ್ರೂನೆವಾಲ್ಡ್ 1512ರಿಂದ 1516ರ ನಡುವೆ ಇಸೆನ್‌ಹೈಮ್‌ನ ಆಂಟೊನೈನ್ ಮಠಕ್ಕೆ ಬರೆದ ವೇದಿಕೆಚಿತ್ರ ಈಗ ಫ್ರಾನ್ಸಿನ ಕೊಲ್ಮಾರ್‌ನಲ್ಲಿದೆ. ಬೂಷ್ಟು ಹಿಡಿದ ರೈ ಧಾನ್ಯದ ರೊಟ್ಟಿ ತಿಂದು, ಚರ್ಮ ಸುಟ್ಟಂತಾಗಿ ಕೈಕಾಲು ಕೊಳೆಯುತ್ತಿದ್ದ ರೋಗಿಗಳ ಆರೈಕೆ ಆ ಮಠದ ಕಾಯಕ. ಚಿತ್ರದ ಯೇಸುವಿನ ಮೈತುಂಬ ಹುಣ್ಣು, ಹಸಿರುಗಟ್ಟಿದ ಚರ್ಮ, ಸೆಟೆದ ಬೆರಳು. ಅದರ ಮುಂದೆ ತಂದು ಮಲಗಿಸಿದ ರೋಗಿಗೆ ಋಣ, ಮಾನಗಳ ವಿವರಣೆ ಬೇಕಾಗಿರಲಿಲ್ಲ. ತನ್ನ ರೋಗವೇ ಅಲ್ಲಿ ತೂಗುತ್ತಿತ್ತು.

ಮತಸುಧಾರಣೆ ಬಂದಾಗ ದರ್ಬಾರಿನ ಜಾಗಕ್ಕೆ ನ್ಯಾಯಾಲಯ ಬಂತು. 1518ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಲೂಥರ್, ದೇವರು ಸಿಗುವುದು ವೈಭವದಲ್ಲಲ್ಲ, ಶಿಲುಬೆಯ ಅವಮಾನದಲ್ಲಿ ಎಂದು ವಾದಿಸಿದ್ದ. ಓರ್ಲಿಯನ್ಸ್, ಬೂರ್ಜ್‌ಗಳಲ್ಲಿ ಕಾನೂನು ಓದಿದ್ದ ಕಾಲ್ವಿನ್ ಹೇಳಿದ್ದು ಹೆಚ್ಚು ಖಚಿತವಾಗಿತ್ತು: ಪಾಪಿಗೆ ಬೀಳಬೇಕಾದ ದಂಡವನ್ನೇ ಕ್ರಿಸ್ತ ಅವನ ಜಾಗದಲ್ಲಿ ನಿಂತು ಅನುಭವಿಸಿದ. ಇಂದು ಅನೇಕ ಪ್ರೊಟೆಸ್ಟಂಟ್ ಸಭೆಗಳಲ್ಲಿ ಶುಭ ಶುಕ್ರವಾರದ ಪ್ರಸಂಗ ಸಾಗುವುದು ಈ ಜಾಡಿನಲ್ಲಿ. 1594ರಲ್ಲಿ ಅಚ್ಚಾದ ಗ್ರಂಥದಲ್ಲಿ ಫೌಸ್ಟಸ್ ಸೊಸಿನಸ್ ಎತ್ತಿದ ಆಕ್ಷೇಪಕ್ಕೆ ತೃಪ್ತಿಕರ ಉತ್ತರ ಸಿಕ್ಕಿದೆಯೆಂದು ನನಗನ್ನಿಸುವುದಿಲ್ಲ: ಸಾಲವನ್ನು ಇನ್ನೊಬ್ಬ ತೀರಿಸಬಹುದು, ದಂಡವನ್ನು ವರ್ಗಾಯಿಸುವುದು ಹೇಗೆ? ಪೂರ್ತಿ ವಸೂಲಾದ ಮೇಲೆ ಅದನ್ನು ಕ್ಷಮೆ ಎನ್ನುವುದು ಹೇಗೆ?

ಈ ಇತಿಹಾಸಕ್ಕೆ ಒಂದು ಕರಾಳ ಪುಟವಿದೆ. ಎರಡನೇ ಶತಮಾನದ ಸಾರ್ದಿಸ್‌ನ ಮೆಲಿಟೊ ಪಸ್ಕದ ಪ್ರಸಂಗದಲ್ಲಿಯೇ ದೇವರನ್ನು ಕೊಂದ ಆರೋಪವನ್ನು ಇಸ್ರಾಯೇಲಿನ ಮೇಲೆ ಹೊರಿಸಿದ್ದ. ಪಿಲಾತನ ಅಪರಾಧ ತೆಳುವಾದಷ್ಟೂ ಯೆಹೂದ್ಯರದು ದಪ್ಪವಾಯಿತು. 1096ರಲ್ಲಿ ಮೊದಲ ಕ್ರುಸೇಡಿಗೆ ಹೊರಟ ಗುಂಪುಗಳು ಬಟ್ಟೆಯ ಮೇಲೆ ಶಿಲುಬೆ ಹೊಲಿದುಕೊಂಡು ರೈನ್ ದಂಡೆಯ ಊರುಗಳಲ್ಲಿ ಯೆಹೂದ್ಯರನ್ನು ಕೊಂದವು. ಯೇಸುವಿನ ಸಾವಿನ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಲಾಗದೆಂದು ಕಥೋಲಿಕ ಸಭೆ ಅಧಿಕೃತವಾಗಿ ಹೇಳಿದ್ದು 1965ರಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ.

ಇಪ್ಪತ್ತನೇ ಶತಮಾನದ ಯುದ್ಧಗಳು ಪ್ರಶ್ನೆಯ ದಿಕ್ಕನ್ನೇ ಬದಲಿಸಿದವು. ಸ್ವೀಡನ್ನಿನ ದೇವಶಾಸ್ತ್ರಜ್ಞ ಗುಸ್ತಾಫ್ ಔಲೆನ್ 1930ರಲ್ಲಿ, ಹಳೆಯ ಗೆಲುವಿನ ಕಲ್ಪನೆಯೇ ಮೂಲವೆಂದು ಮತ್ತೆ ಮುಂದಿಟ್ಟ. ಹ್ಯಾಂಬರ್ಗಿನಲ್ಲಿ ಹುಟ್ಟಿ, 1943ರ ಬಾಂಬ್ ದಾಳಿಯಲ್ಲಿ ಬದುಕುಳಿದು, ಬ್ರಿಟಿಷರ ಯುದ್ಧಕೈದಿಯಾಗಿದ್ದ ಯೂರ್ಗನ್ ಮೋಲ್ಟ್‌ಮನ್ 1972ರಲ್ಲಿ ಬರೆದ ಪುಸ್ತಕದಲ್ಲಿ ದೇವರೇ ಶಿಲುಬೆಯಲ್ಲಿ ನೋಯುತ್ತಾನೆ. ಮಾರ್ಕನ ಕೂಗು ಅಲ್ಲಿ ದೇವರ ಒಳಗಿನ ಬಿರುಕು. ಅಮೆರಿಕದ ಕಪ್ಪು ದೇವಶಾಸ್ತ್ರಜ್ಞ ಜೇಮ್ಸ್ ಕೋನ್ 2011ರಲ್ಲಿ ಶಿಲುಬೆಯನ್ನು, ಬಿಳಿಯರ ಗುಂಪುಗಳು ಕರಿಯರನ್ನು ನೇಣುಹಾಕುತ್ತಿದ್ದ ಮರದ ಪಕ್ಕದಲ್ಲಿ ನಿಲ್ಲಿಸಿ ನೋಡಿದ. ಇದಕ್ಕೂ ಮೊದಲೇ, 1989ರಲ್ಲಿ, ಸ್ತ್ರೀವಾದಿ ದೇವಶಾಸ್ತ್ರಜ್ಞೆಯರಾದ ಜೋಆನ್ ಕಾರ್ಲ್‌ಸನ್ ಬ್ರೌನ್ ಮತ್ತು ರೆಬೆಕಾ ಪಾರ್ಕರ್ ಬೇರೆ ಅಪಾಯವನ್ನು ತೋರಿಸಿದ್ದರು: ತಂದೆಯ ಇಚ್ಛೆಗೆ ಮಗ ಸುಮ್ಮನೆ ನೊಂದದ್ದೇ ರಕ್ಷಣೆಯೆಂದು ಕಲಿಸಿದರೆ, ಹೊಡೆತ ತಿನ್ನುವ ಹೆಣ್ಣಿಗೆ ಸಹಿಸಿಕೊ ಎಂದು ಹೇಳಿದಂತಾಗುತ್ತದೆ.

ಕನ್ನಡದಲ್ಲಿ ಈ ಹುಡುಕಾಟ ಬೇರೆ ದಾರಿ ಹಿಡಿಯಿತು. ಬಾಸೆಲ್ ಮಿಶನ್ನಿನ ಫರ್ಡಿನಂಡ್ ಕಿಟೆಲ್, ತನ್ನ ಕನ್ನಡ ನಿಘಂಟಿಗೆ ಎರಡು ದಶಕ ಮೊದಲು, 1872ರಲ್ಲಿ ‘ಯಜ್ಞಸುಧಾನಿಧಿ’ ಎಂಬ ಕಿರುಗ್ರಂಥ ತಂದ. ವೇದದ ಯಜ್ಞವನ್ನು ಬಲ್ಲ ಓದುಗನಿಗೆ ಕ್ರಿಸ್ತನ ಬಲಿಯನ್ನು ಮುಟ್ಟಿಸುವ ಪ್ರಯತ್ನ ಅದು. ಮಂಜೇಶ್ವರದ ಗೋವಿಂದ ಪೈ ಮತಾಂತರದ ಹಂಗಿಲ್ಲದೆ ‘ಗೊಲ್ಗೊಥಾ’ ಎಂಬ ಖಂಡಕಾವ್ಯದಲ್ಲಿ ಯೇಸುವಿನ ಕಡೆಯ ದಿನವನ್ನು ಹಾಡಿದರು. ಬುದ್ಧನ ಕಡೆಯ ದಿನಗಳ ಮೇಲೆ ‘ವೈಶಾಖಿ’ ಬರೆದ ಅದೇ ಲೇಖನಿ. ಅವರಿಗೆ ಆ ಸಾವು ಯಾವ ಸಿದ್ಧಾಂತಕ್ಕೂ ಪುರಾವೆಯಾಗಬೇಕಿರಲಿಲ್ಲ.

1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ದೇವಶಾಸ್ತ್ರಜ್ಞ ಅರವಿಂದ ನಿರ್ಮಲ್ ಕೊಟ್ಟ ಉಪನ್ಯಾಸದಿಂದ ಚರ್ಚೆ ಇನ್ನೊಮ್ಮೆ ಹೊರಳಿತು. ದಲಿತ ದೇವಶಾಸ್ತ್ರದ ಆರಂಭವೆಂದು ಅದನ್ನು ಗುರುತಿಸುತ್ತಾರೆ. ಸಭೆಗಳ ಬಹುಪಾಲು ಜನ ದಲಿತರಾಗಿರುವಾಗ ಭಾರತೀಯ ಕ್ರೈಸ್ತ ಚಿಂತನೆ ಬ್ರಾಹ್ಮಣ ದರ್ಶನಗಳ ಜೊತೆಗೇ ಮಾತಾಡುತ್ತ ಕೂತಿದೆ ಎಂಬುದು ಅವರ ದೂರು. ಮುರಿದು ಹಾಕಲ್ಪಟ್ಟವರ ಬದುಕನ್ನೇ ಅವರು ಶಿಲುಬೆಯಲ್ಲಿ ಕಂಡರು. ಈ ಕಣ್ಣಿನಿಂದ ನೋಡಿದರೆ ಕಿಟೆಲ್ ಆರಿಸಿಕೊಂಡ ಹೋಲಿಕೆಯ ಮಿತಿಯೂ ತಿಳಿಯುತ್ತದೆ. ವಿದ್ವತ್ತಿನ ದೃಷ್ಟಿಯಿಂದ ಅದು ದೊಡ್ಡ ಸಾಹಸ. ಆದರೆ ದೀಕ್ಷಾಸ್ನಾನಕ್ಕೆ ಬಂದವರಲ್ಲಿ ಎಷ್ಟೋ ಮಂದಿಯನ್ನು ಯಜ್ಞಶಾಲೆಯ ಹತ್ತಿರ ಸುಳಿಯಲೂ ಯಾರೂ ಬಿಟ್ಟಿರಲಿಲ್ಲ.