ಅಶ್ವಹೃದಯ ಬಲ್ಲ ಮಹಿಳೆ

ನಳಮಹಾರಾಜನು ಅಶ್ವಹೃದಯವೆಂಬ ವಿದ್ಯೆಯನ್ನು ಬಲ್ಲವನಾಗಿದ್ದನೆಂಬ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ. ಕಾರ್ಕೋಟಕನ ವಿಷದಿಂದ ರೂಪಗೆಟ್ಟು ಬಾಹುಕನಾದಾಗಲೂ ಆ ವಿದ್ಯೆ ಅವನನ್ನು ಬಿಡಲಿಲ್ಲ. ದೇಹ ಕೆಟ್ಟರೂ ವಿದ್ಯೆ ಉಳಿಯಬಲ್ಲದೆಂಬುದಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ನಿದರ್ಶನವಾದಳು.

1921ರಲ್ಲಿ ಜನಿಸಿದ ಈಕೆಯ ಕ್ಷೇತ್ರ ‘ಡ್ರೆಸಾಜ್’. ಇದು ಓಟದ ಪಂದ್ಯವಲ್ಲ. ಬೇಲಿ ಹಾರಿಸುವ ಪಂದ್ಯವೂ ಅಲ್ಲ. ಅಳತೆಯ ಅಂಗಣವೊಂದರಲ್ಲಿ ಕುದುರೆಯನ್ನು ನಾನಾ ನಡೆಗಳಲ್ಲಿ ನಡೆಸಿ ತೋರಿಸಬೇಕು. ಬಾಯಿಮಾತು ಕೂಡದು; ಸನ್ನೆ ನೋಡುವವರ ಕಣ್ಣಿಗೆ ಬೀಳಬಾರದು. ಸವಾರನು ಕಾಲಿನ ಒತ್ತಿನಿಂದ, ಕುಳಿತ ಭಾರದಿಂದ, ಕಡಿವಾಣದ ಮೆಲ್ಲನೆಯ ಸೆಳೆತದಿಂದ ತನ್ನ ಇಂಗಿತವನ್ನು ತಿಳಿಸಬೇಕು.

1944ರಲ್ಲಿ, 23ರ ಹರೆಯದ ಗರ್ಭಿಣಿ ಲಿಸ್‌ಗೆ ಪೋಲಿಯೋ ತಗುಲಿತು. ಕೂಸು ಆರೋಗ್ಯವಾಗಿಯೇ ಹುಟ್ಟಿತು. ತಾಯಿಯ ಸ್ನಾಯುಗಳಿಗೆ ಮಾತ್ರ ನಿಧಾನವಾಗಿ ಚೇತನ ಮರಳಿತು. ಮೊಣಕಾಲಿನಿಂದ ಕೆಳಗೆ ಬರಲೇ ಇಲ್ಲ. ವೈದ್ಯರು ಬೇಡವೆಂದರೂ ಆಕೆ ಸವಾರಿಯನ್ನು ಬಿಡಲಿಲ್ಲ. ಏರುವುದಕ್ಕೂ ಇಳಿಯುವುದಕ್ಕೂ ಪರರ ನೆರವು ಬೇಕು. ಒಮ್ಮೆ ಜೀನಿನ ಮೇಲೆ ಕುಳಿತರಾಯಿತು, ‘ಜ್ಯೂಬಿಲಿ’ ಎಂಬ ಹೆಣ್ಣುಕುದುರೆ ಒಡತಿಯ ಬೆನ್ನಿನ ಬಾಗನ್ನೂ ಭಾರದ ಓಲನ್ನೂ ಅರಿತು ನಡೆಯುತ್ತಿತ್ತು.

ಆದರೆ ಒಲಿಂಪಿಕ್ ಕ್ರೀಡೆಗಳಲ್ಲಿ ಅಂದು ಈ ಪಂದ್ಯ ಸೈನ್ಯಾಧಿಕಾರಿಗಳ ಸೊತ್ತಾಗಿತ್ತು. ಆ ಕಟ್ಟಳೆ ಎಂಥದೆಂಬುದಕ್ಕೆ 1948ರ ಲಂಡನ್ ಪ್ರಸಂಗವೇ ಸಾಕ್ಷಿ. ಸ್ವೀಡನ್ ತಂಡದ ಪರ್ಸನ್ ಎಂಬ ಕೆಳದರ್ಜೆಯ ಸೈನಿಕನನ್ನು ಸ್ಪರ್ಧೆಗೆಂದೇ ಲೆಫ್ಟಿನೆಂಟ್ ಪದವಿಗೆ ಏರಿಸಿ, ಮುಗಿದ ಮೇಲೆ ಮತ್ತೆ ಕೆಳಗಿಳಿಸಿದರು. ಸಂಗತಿ ಬಯಲಾಗಿ, ಆ ತಂಡ ಗೆದ್ದ ಚಿನ್ನವನ್ನು ಹಿಂದಕ್ಕೆ ಪಡೆಯಲಾಯಿತು. ಮುಂದೆ ಕಟ್ಟಳೆಯೇ ಸಡಿಲಿತು. 1952ರಲ್ಲಿ ಸಾಮಾನ್ಯ ಸೈನಿಕರಿಗೂ ನಾಗರಿಕರಿಗೂ ಸ್ತ್ರೀಯರಿಗೂ ಬಾಗಿಲು ತೆರೆಯಿತು.

ಆ ವರ್ಷ ಹೆಲ್ಸಿಂಕಿಯಲ್ಲಿ ಲಿಸ್ ಪುರುಷರೊಡನೆ ಅದೇ ಅಂಗಣದಲ್ಲಿ, ಅದೇ ನಿಯಮದಂತೆ ಸ್ಪರ್ಧಿಸಿ ಬೆಳ್ಳಿಯ ಪದಕ ಗೆದ್ದಳು. ಚಿನ್ನ ಗೆದ್ದ ಸ್ವೀಡನ್ನಿನ ಸೈನ್ಯಾಧಿಕಾರಿ ಹೆನ್ರಿ ಸೇಂಟ್ ಸಿರ್ ತಾನೇ ಆಸರೆಯಾಗಿ ಆಕೆಯನ್ನು ಪದಕವೇದಿಕೆಗೆ ಹತ್ತಿಸಿದನು. ಅಧಿಕಾರಿಗಳಲ್ಲದವರಿಗೆ ಮೊನ್ನೆಯವರೆಗೆ ಮುಚ್ಚಿದ್ದ ಅಂಗಣದಲ್ಲಿ ಅಧಿಕಾರಿಯೊಬ್ಬನ ತೋಳೇ ಆಕೆಗೆ ಊರುಗೋಲಾಯಿತು! 1956ರ ಕ್ರೀಡೆಗಳು ನಡೆದದ್ದು ಮೆಲ್ಬೋರ್ನಿನಲ್ಲಿ. ಆದರೆ ಹೊರದೇಶದ ಕುದುರೆಗಳಿಗೆ ಆಸ್ಟ್ರೇಲಿಯಾ ವಿಧಿಸಿದ್ದ ಕಟ್ಟುನಿಟ್ಟಿನಿಂದಾಗಿ ಅಶ್ವಪಂದ್ಯಗಳು ಸ್ಟಾಕ್‌ಹೋಮಿನಲ್ಲಿ ಜರುಗಿದವು. ಅಲ್ಲಿಯೂ ಆಕೆಗೆ ಬೆಳ್ಳಿಯೇ ದೊರೆಯಿತು.

ಬಳಿಕ, ಅಂಗವಿಕಲರಿಗೆ ಸವಾರಿಯೇ ಒಂದು ಚಿಕಿತ್ಸೆಯಾಗಬಹುದೆಂಬ ವಿಚಾರಕ್ಕೆ ಆಕೆಯ ಬಾಳೇ ಪ್ರೇರಣೆಯಾಯಿತು. 2009ರಲ್ಲಿ ಆಕೆ ತೀರಿಕೊಂಡಳು.

ಲಿಸ್ ಹಾರ್ಟೆಲಳ ಛಲವನ್ನು ಎಲ್ಲರೂ ಕೊಂಡಾಡುತ್ತಾರೆ, ಅದು ಯುಕ್ತವೇ. ಆದರೆ ಆ ಛಲವೊಂದೇ ಆಕೆಯನ್ನು ಹೆಲ್ಸಿಂಕಿಗೆ ಒಯ್ಯಲಿಲ್ಲ. 1948ರಲ್ಲಿಯೂ ಆಕೆಗೆ ಛಲವಿತ್ತು, ವಿದ್ಯೆಯಿತ್ತು. ಬಾಗಿಲು ಮಾತ್ರ ತೆರೆದಿರಲಿಲ್ಲ. ಅಂಥ ಬಾಗಿಲುಗಳ ಹೊರಗೆ ಇನ್ನೆಷ್ಟು ಮಂದಿ ನಿಂತು ಹಿಂದಿರುಗಿದರೋ, ಅವರ ಹೆಸರುಗಳು ಚರಿತ್ರೆಯಲ್ಲಿ ದೊರೆಯುವುದಿಲ್ಲ.